ಲಾಟೀನು ಮಾರಿದ ಅತ್ತಿಗೆ

ನಮ್ಮ ಅತ್ತಿಗೆ ಬೆಚ್ಚಿಬಿದ್ದದ್ದನ್ನು ನಾನು ಕಂಡಿರುವುದು ಒಂದೇ ಸಲ. ಯಾರೋ ತಂದ ಹಳೇ ಟ್ರಂಕಿನೊಳಗಿಂದ ಹಾವು ಹೊರಬಂದಾಗ ನಾನು ಒಂದೇ ನೆಗೆತಕ್ಕೆ ರಸ್ತೆಯಲ್ಲಿದ್ದೆ. ಅತ್ತಿಗೆ ಮಾತ್ರ ಟ್ರಂಕು ತಂದವನ ಕಡೆ ತಿರುಗಿ, "ಇದರ ತೂಕ ಕಳೀತೀನಿ ಕಣಪ್ಪ," ಎಂದಿದ್ದರು. ಹೀಗಾಗಿ ನಮ್ಮ ಮನೆಯಲ್ಲಿ ಗಾಬರಿ ಬೀಳುವ ಕೆಲಸವೆಲ್ಲ ಮೊದಲಿನಿಂದಲೂ ನನ್ನ ಪಾಲಿಗೇ ಬಂದಿದೆ. ಆ ಹಾಳು ಮೊಬೈಲ್ ಆಟ ನಮ್ಮ ಮನೆಗೆ ಕಾಲಿಟ್ಟ ಮೇಲಂತೂ ನನಗೆ ಅದರಿಂದ ಬಿಡುವೇ ಸಿಗಲಿಲ್ಲ.

ನಮ್ಮದು ಗುಜರಿ ಅಂಗಡಿ. ಅಣ್ಣ ಲಾರಿ ಓಡಿಸುತ್ತಾನೆ, ಮನೆಗೆ ನೆಂಟರ ಹಾಗೆ ಬಂದು ಹೋಗುತ್ತಾನೆ. ಅಂಗಡಿ ನಡೆಸುವುದು ಅತ್ತಿಗೆ. ಹೊರುವುದು, ಒಡೆಯುವುದು, ಗೋಣಿಗೆ ತುಂಬಿ ಬಾಯಿ ಕಟ್ಟುವುದು ನಾನು. ಸುತ್ತಿಗೆ ನನ್ನದು, ತಕ್ಕಡಿ ಅವರದು. ತಕ್ಕಡಿಯನ್ನು ಮುಟ್ಟಲೂ ಬಿಡುವುದಿಲ್ಲ, ಅದಕ್ಕೇ ಬೀದಿಯವರೆಲ್ಲ ಅವರನ್ನು ತಕ್ಕಡಿ ಅಕ್ಕ ಎಂದೇ ಕರೆಯುವುದು. ಕೊರಳಲ್ಲಿ ದಾರಕ್ಕೆ ಕಟ್ಟಿದ ಆಯಸ್ಕಾಂತದ ತುಂಡೊಂದು ನೇತಾಡುತ್ತಿರುತ್ತದೆ. ಬಣ್ಣ ಬಳಿದ ಕಬ್ಬಿಣವನ್ನು ಹಿತ್ತಾಳೆ ಎಂದು ಯಾರಾದರೂ ತಂದರೆ ಅದನ್ನು ಮುಟ್ಟಿಸುತ್ತಾರೆ, ಟಕ್ಕನೆ ಅಂಟಿಕೊಳ್ಳುತ್ತದೆ. ಅತ್ತಿಗೆ ಬಾಯಲ್ಲಿ ಏನೂ ಅನ್ನುವುದಿಲ್ಲ, ತಂದವನ ಮುಖ ನೋಡುತ್ತಾರೆ ಅಷ್ಟೆ. ಅವನೇ ಬೆಲೆ ಇಳಿಸುತ್ತಾನೆ.

ಕೆಲಸಕ್ಕೆ ಬಾರದ್ದನ್ನು ಮನೆಯಲ್ಲಿ ಇಟ್ಟುಕೊಳ್ಳುವುದೆಂದರೆ ಅವರಿಗೆ ಮೈಮೇಲೆ ಇರುವೆ ಹರಿದಂತೆ. ಹಿಡಿ ಮುರಿದ ಬಾಣಲೆ, ತಿರುಗದ ಫ್ಯಾನು, ಕಾಲು ಕಳೆದುಕೊಂಡ ಕುರ್ಚಿ, ಏನೇ ಇರಲಿ, ಕಣ್ಣಿಗೆ ಬಿದ್ದರೆ ಸಂಜೆಯೊಳಗೆ ಅಂಗಡಿ ಸೇರುತ್ತದೆ. ನನ್ನ ಹಳೇ ಸೈಕಲ್ಲು ಹಾಗೆಯೇ ಹೋಯಿತು. ನಾನು ಸ್ನಾನಕ್ಕೆ ಹೋಗಿದ್ದೆ ಅಷ್ಟೆ. ಹಾಗೆಂದು ಕಲ್ಲುಮನಸ್ಸಿನವರೇನಲ್ಲ. ಗಂಡನೋ ಮಗನೋ ಕದ್ದು ಮಾರಿದ ಪಾತ್ರೆ ಹುಡುಕಿಕೊಂಡು ಯಾರಾದರೂ ಅಳುತ್ತ ಬಂದರೆ, ತಾವು ಕೊಟ್ಟಿದ್ದಷ್ಟೇ ದುಡ್ಡು ತೆಗೆದುಕೊಂಡು ವಾಪಸು ಕೊಡುತ್ತಾರೆ, ಒಂದು ಕಾಸು ಲಾಭ ಮುಟ್ಟುವುದಿಲ್ಲ. ಕಳ್ಳಮಾಲು ಇದೆಯೇ ಎಂದು ಪೊಲೀಸರು ಬಂದು ಗೋಣಿಗಳನ್ನೆಲ್ಲ ಸುರಿಸಿ ಹೋದ ದಿನ ಮಾತ್ರ ಅವರಿಗೆ ಊಟ ಸೇರುವುದಿಲ್ಲ. "ಏನೂ ಸಿಗ್ಲಿಲ್ವಲ್ಲ ಅತ್ತಿಗೆ, ಬಿಡಿ," ಎಂದರೆ, "ಸಿಗ್ಲಿಲ್ಲ ಸರಿ. ಬೀದಿ ನೋಡ್ತಲ್ಲ," ಎನ್ನುತ್ತಾರೆ.

ಇಂಥವರ ಒಬ್ಬಳೇ ಮಗಳು ನಮ್ಮ ಗುಬ್ಬಿ. ಗುಬ್ಬಿ ಎಂದು ಹೆಸರಿಟ್ಟವನು ನಾನೇ, ಹುಟ್ಟಿದಾಗ ಅಷ್ಟೇ ಇದ್ದಳು. ಕಾಲೇಜಿನಿಂದ ಸೈಕಲ್ಲಿನಲ್ಲಿ ಬರುತ್ತಿದ್ದಾಗ ವ್ಯಾನೊಂದು ತಗುಲಿ ಬಿದ್ದಳು. ಬಲಗಾಲಿಗೆ ಸರಳು ಹಾಕಿದರು, ಎರಡೂ ಕೈಗೆ ಬೆರಳಿನ ತುದಿಯವರೆಗೆ ಪ್ಲಾಸ್ಟರ್. ಆಪರೇಷನ್ ಮುಗಿದು ಸರಿಯಾಗಿ ಕಣ್ಣು ಬಿಟ್ಟವಳು ಮೊದಲು ಕೇಳಿದ್ದೇನು ಗೊತ್ತೇ?

"ಅಮ್ಮಾ, ದಿನಾ ಒಂದ್ಸಲ ನನ್ನ ಆಟದೊಳಗೆ ಹೋಗಿ ನಾಣ್ಯ ದುಡೀತೀಯಾ?"

ತಲೆಗೂ ಪೆಟ್ಟು ಬಿದ್ದಿದೆ, ಇವರು ನಮ್ಮಿಂದ ಮುಚ್ಚಿಟ್ಟಿದ್ದಾರೆ ಎಂದುಕೊಂಡು ಸಿಸ್ಟರನ್ನು ಕರೆಯಲು ಓಡಿದೆ.

ತಲೆಗೆ ಏನೂ ಆಗಿರಲಿಲ್ಲ. ಅವಳ ಮೊಬೈಲಿನಲ್ಲಿ ಒಂದು ಆಟವಿದೆ. ಕಾಡು, ಕೋಟೆ, ರಾಕ್ಷಸರು ಇರುವ ಒಂದು ದೇಶವೇ ಅದರೊಳಗಿದೆ. ಅಲ್ಲಿ ಏಳು ಜನರ ತಂಡ ಇವಳದು. ಒಬ್ಬರ ಮುಖವನ್ನು ಒಬ್ಬರು ನೋಡಿದ್ದಿಲ್ಲ, ಮಾತು ಮಾತ್ರ ಕೇಳಿಸುತ್ತದೆ. ಪ್ರತಿಯೊಬ್ಬರೂ ವಾರಕ್ಕಿಷ್ಟು ಎಂದು ಆ ದೇಶದ ನಾಣ್ಯ ದುಡಿದು ತಂಡದ ಖಜಾನೆಗೆ ಹಾಕಬೇಕು. ಹಾಕದವರನ್ನು ಕ್ಯಾಪ್ಟನ್ ತೆಗೆದುಬಿಡುತ್ತಾನೆ. ವಾರ್ಡಿನಲ್ಲಿ ಭೇಟಿಯ ಹೊತ್ತು ಬಿಟ್ಟರೆ ಮೊಬೈಲು ಕೂಡದು, ಕೂಡಿದರೂ ಇವಳಿಗೆ ಒತ್ತಲು ಬೆರಳು ಆಡುವುದಿಲ್ಲ.

"ಆಕ್ಸಿಡೆಂಟ್ ಆಗಿದೆ ಅಂತ ಹೇಳು, ಬಿಡ್ತಾರೆ," ಎಂದೆ.

"ಬೇಡ ಚಿಕ್ಕಪ್ಪ. ಅಲ್ಲಿ ಯಾರೂ ನನ್ನನ್ನ ಪಾಪ ಅನ್ನಲ್ಲ. ಅದಕ್ಕೇ ನಂಗೆ ಅಲ್ಲಿ ಇಷ್ಟ," ಎಂದಳು.

ಅತ್ತಿಗೆ ಮೊಬೈಲ್ ತೆಗೆದು ಕೈಚೀಲಕ್ಕೆ ಹಾಕಿಕೊಂಡರು. "ನಾಣ್ಯ ತಾನೆ, ದುಡಿಯೋಣ ಬಿಡು," ಎಂದರು.

ಆ ದೇಶದ ವ್ಯವಹಾರ ನೋಡಿ ನನ್ನ ತಲೆ ಗಿರ್ರೆಂದಿತು. ಬೆಳಿಗ್ಗೆ ಸುಮ್ಮನೆ ಒಳಗೆ ಹೋದರೆ ಸಾಕು, ಬಂದದ್ದಕ್ಕೇ ಒಂದು ಹಿಡಿ ನಾಣ್ಯ. ನಿನ್ನೆಯೂ ಬಂದಿದ್ದರೆ ಮೇಲೊಂದು ಹಿಡಿ. ಒಂದು ದಿನ ತಪ್ಪಿಸಿದರೋ, ಮತ್ತೆ ಮೊದಲಿನಿಂದ ಶುರು. ಮರ ಕಡಿದರೆ ನಾಣ್ಯ, ಅದಿರು ಅಗೆದರೆ ನಾಣ್ಯ, ಯಾರೋ ಮುದುಕಿಯ ಗಂಟನ್ನು ಬೆಟ್ಟದಾಚೆ ತಲುಪಿಸಿದರೆ ನಾಣ್ಯ. ಸೋಪಿನ ಜಾಹೀರಾತನ್ನು ಕಣ್ಣು ಮಿಟುಕಿಸದೆ ಕೊನೆಯವರೆಗೆ ನೋಡಿದರೂ ನಾಣ್ಯವೇ.

"ನಮ್ಮಂಗಡಿಗೂ ಬಂದೋರಿಗೆಲ್ಲ ಬಂದಿದ್ದಕ್ಕೇ ದುಡ್ಡು ಕೊಟ್ರೆ ಹೇಗಿರುತ್ತೆ ಅತ್ತಿಗೆ?" ಎಂದೆ.

"ದಿನಾ ನಿಂಗೆ ಕೊಡ್ತಿರೋದು ಮತ್ತೇನು?" ಎಂದರು. ನಾನು ಗೋಣಿ ಕಟ್ಟಲು ಎದ್ದೆ.

ಬಂದ ನಾಣ್ಯ ಹೋಗುವ ದಾರಿ ಇನ್ನೂ ಘೋರ. ಬೀಸಿದಷ್ಟೂ ಕತ್ತಿ ಮೊಂಡಾಗುತ್ತದೆ, ಸಾಣೆ ಹಿಡಿಸಲು ನಾಣ್ಯ ಬೇಕು. ಕುದುರೆಗೆ ಮೇವು, ಕೋಟೆಯ ಬಾಗಿಲಿಗೆ ಸುಂಕ. ರಾಕ್ಷಸನ ಕೈಲಿ ಸತ್ತರೆ ಎದ್ದು ಬರುವುದಕ್ಕೂ ನಾಣ್ಯ ತೆರಬೇಕು. ಇವೆಲ್ಲ ಹೋಗಲಿ, ನಾಣ್ಯದ ಜೊತೆಗೆ ಹರಳು ಎಂಬುದೊಂದಿದೆ. ಅದು ಎಷ್ಟು ದುಡಿದರೂ ಬರುವುದಿಲ್ಲ, ನಮ್ಮ ನಿಮ್ಮ ಜೇಬಿನ ನಿಜವಾದ ದುಡ್ಡು ಕೊಟ್ಟೇ ಕೊಳ್ಳಬೇಕು. ಹರಳು ಕೊಟ್ಟರೆ ಗರಿ ಸಿಕ್ಕಿಸಿದ ಟೋಪಿ ಸಿಗುತ್ತದೆ. ಆ ಟೋಪಿಯಿಂದ ಏಟೂ ತಪ್ಪುವುದಿಲ್ಲ, ಬಿಸಿಲೂ ತಪ್ಪುವುದಿಲ್ಲ. ಅದರ ಬೆಲೆಗೆ ನನಗೆ ಒಳ್ಳೇ ಚಪ್ಪಲಿ ಬರುತ್ತದೆ. ಇಲ್ಲದ ತಲೆಗೆ ಇಲ್ಲದ ಟೋಪಿ, ಕೊಡುವುದು ಮಾತ್ರ ಇರುವ ದುಡ್ಡು. ನಾನು ಗರ ಬಡಿದವನ ಹಾಗೆ ಕೂತುಬಿಟ್ಟೆ. ಅತ್ತಿಗೆ ಟೋಪಿಯ ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, "ತೂಕ ಬರೆದಿಲ್ಲ," ಎಂದು ಮುಂದಕ್ಕೆ ಸರಿಸಿದರು.

ನೋಡುನೋಡುತ್ತಿದ್ದಂತೆ ಅವರಿಗೆ ಆಟ ಕೈಹತ್ತಿತು. ತಾಮ್ರದ ತಂತಿ ಸುಲಿಯುವುದರ ಮಧ್ಯೆ ಹೋಗಿ ಎರಡು ಮರ ಕಡಿದು ಬರುವರು. ರದ್ದಿ ಪೇಪರು ತಂದವನನ್ನು ನಿಲ್ಲಿಸಿ, "ಒಂದ್ನಿಮಿಷ, ಕುದುರೆ ಕಟ್ಟಿ ಬರ್ತೀನಿ," ಎನ್ನುವರು. ಅವನು ನನ್ನ ಮುಖ ನೋಡುವನು. ಆ ದೇಶದಲ್ಲಿ ಅತ್ತಿಗೆಗೆ ಆಗದವನೆಂದರೆ ಕೋಟೆಯ ಪಕ್ಕದ ಮೀಸೆ ವ್ಯಾಪಾರಿ ಒಬ್ಬನೇ. ಏನು ಕೊಟ್ಟರೂ ಕೊಳ್ಳುತ್ತಾನೆ, ಆದರೆ ಚೌಕಾಸಿಗೆ ಬಗ್ಗುವುದಿಲ್ಲ. "ತಕ್ಕಡಿ ಇಲ್ಲ, ಕಲ್ಲಿಲ್ಲ, ಬಾಯಿಗೆ ಬಂದ ಬೆಲೆ ಹೇಳ್ತಾನೆ. ಇವನೆಂಥ ವ್ಯಾಪಾರಿ," ಎಂದು ದಿನಕ್ಕೊಮ್ಮೆ ಬೈಯುವರು.

ಒಂದು ಮಧ್ಯಾಹ್ನ ಪರದೆಯ ಮೇಲೆ 'ಚೀಲ ತುಂಬಿದೆ' ಎಂದು ಬಂತು. ಅಲ್ಲಿಯವರೆಗೆ ಅತ್ತಿಗೆ ಗುಬ್ಬಿಯ ಚೀಲಕ್ಕೆ ಕೈಹಾಕಿರಲಿಲ್ಲ. ತೆರೆದು ನೋಡಿದವರೇ ಮೂಗಿನ ಮೇಲೆ ಬೆರಳಿಟ್ಟುಕೊಂಡರು.

"ನೋಡೋ ಇಲ್ಲಿ, ನನ್ನ ಹೊಟ್ಟೇಲಿ ಹುಟ್ಟಿ ಎಷ್ಟು ಕಸ ಕೂಡಿಟ್ಕೊಂಡಿದಾಳೆ."

ಮೇಲೆಯೇ ತುಕ್ಕು ಹಿಡಿದ ಲಾಟೀನು ಇತ್ತು. ಗಾಜಿಲ್ಲ, ಬತ್ತಿಯಿಲ್ಲ, ಹಿಡಿಯೂ ಸೊಟ್ಟ. ಮೊದಲು ಅದನ್ನೇ ಎತ್ತಿ ಮೀಸೆಯವನ ಮುಂದಿಟ್ಟರು. ಖಂಡಿತ ಮಾರುತ್ತೀರಾ ಎಂದು ಕೇಳಿದ. ಹೌದು ಎಂದು ಒತ್ತಿದರು. ಇನ್ನೊಮ್ಮೆ ಯೋಚಿಸಿ ಎಂದ. "ಮನೇಲಿ ಹೆಂಡ್ತೀನ ಕೇಳ್ಕೊಂಡು ಬಂದಿಲ್ವೇನೋ ಇವನು," ಎನ್ನುತ್ತ ಮತ್ತೆ ಒತ್ತಿದರು. ಲಾಟೀನು ಹೋಯಿತು. ಅದರ ಹಿಂದೆಯೇ ಮುರಿದ ಕತ್ತಿ, ತೂತು ಗುರಾಣಿ, ಒಂಟಿ ಬೂಟು, ಹರಿದ ಜೀನು ಎಲ್ಲ ಹೋದವು. ಪ್ರತಿ ಸಲ ನಾಣ್ಯ ಝಣಕ್ಕೆಂದಾಗ ಅತ್ತಿಗೆ ನನ್ನ ಕಡೆ ನೋಡಿ ಹುಬ್ಬು ಹಾರಿಸುವರು. ಬಂದ ನಾಣ್ಯವನ್ನೆಲ್ಲ ಒಂದೂ ಉಳಿಸದೆ ತಂಡದ ಖಜಾನೆಗೆ ಸುರಿದರು. ಖಾಲಿ ಚೀಲವನ್ನು ಮಗಳಿಗೆ ತೋರಿಸಬೇಕೆಂದು ಆಟವನ್ನು ಮುಚ್ಚದೆ ಹಾಗೆಯೇ ನನ್ನ ಸ್ಕೂಟರ್ ಹತ್ತಿದರು. ಪರದೆ ಆರಿಹೋಗಬಾರದೆಂದು ಆಸ್ಪತ್ರೆ ಮುಟ್ಟುವವರೆಗೂ ಅದನ್ನು ಸವರುತ್ತಲೇ ಇದ್ದರು.

ಭೇಟಿಯ ಹೊತ್ತು ಶುರುವಾಗಿತ್ತು. ಎರಡು ಸಾಲು ಮಂಚಗಳು, ಗೋಡೆಗೆ ಅರ್ಧದವರೆಗೆ ಹಸಿರು ಬಣ್ಣ, ಎಲ್ಲ ಕಡೆ ಫಿನಾಯಿಲ್ ವಾಸನೆ. ಗುಬ್ಬಿ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಮಲಗಿದ್ದಳು. ಅತ್ತಿಗೆ ಮೊಬೈಲನ್ನು ಅವಳ ಕಣ್ಣ ಮುಂದೆ ಹಿಡಿದರು.

"ನೋಡು, ಹೇಗೆ ಗುಡಿಸಿ ಇಟ್ಟಿದೀನಿ."

ಗುಬ್ಬಿ ಮೊದಲು ನಕ್ಕಳು. ಆಮೇಲೆ ಅವಳ ಕಣ್ಣು ಪರದೆಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಓಡಿತು. "ಅಮ್ಮಾ, ಲಾಟೀನೆಲ್ಲಿ?"

"ಮಾರಿದೆ."

ಅವಳ ಮುಖದ ರಕ್ತವೆಲ್ಲ ಇಳಿದುಹೋಯಿತು. ಆಪರೇಷನ್ ದಿನವೂ ಅವಳು ಅಷ್ಟು ಬಿಳಿಚಿಕೊಂಡಿರಲಿಲ್ಲ. ನೀರು ಕುಡಿಸಿದ ಮೇಲೆ ತಡವರಿಸುತ್ತ ಹೇಳಿದಳು. ಆ ಲಾಟೀನಿಗಾಗಿ ಏಳೂ ಜನ ವರ್ಷವಿಡೀ ದುಡಿದಿದ್ದಾರೆ. ಅದು ಇರುವುದೇ ಹಾಗೆ, ತುಕ್ಕು ಹಿಡಿದು. ಕೊನೆಯ ಗುಹೆಯೊಳಗೆ ಹೋದಾಗ ಮಾತ್ರ ತಾನಾಗಿ ಹೊತ್ತಿಕೊಳ್ಳುತ್ತದೆ, ಅದಿಲ್ಲದೆ ಗುಹೆಯ ಬಾಗಿಲು ತೆರೆಯುವುದಿಲ್ಲ. ಇಡೀ ತಂಡಕ್ಕೆ ಅದೊಂದೇ. ಇವಳು ನಂಬಿಕಸ್ತೆ ಎಂದು ಎಲ್ಲರೂ ಸೇರಿ ಇವಳ ಚೀಲದಲ್ಲಿ ಇಡಿಸಿದ್ದರು.

"ಆಟದ ಆಚೆ ಇಂಥ ಲಾಟೀನಿಗೆ ನಿಜವಾದ ದುಡ್ಡು ಕೊಡೋರಿದಾರೆ ಅಮ್ಮಾ. ಬೇರೆ ತಂಡದಲ್ಲಿ ಒಬ್ಬ ಹಾಗೇ ಮಾರ್ಕೊಂಡು ಓಡಿಹೋದ. ನಾನೂ ಹಾಗೇ ಮಾಡಿದೆ ಅಂತಾರೆ. ಕಳ್ಳಿ ಅಂತಾರೆ."

ಕಳ್ಳಿ ಎಂಬ ಮಾತಿಗೆ ಅತ್ತಿಗೆ ಬೆಚ್ಚಿಬಿದ್ದರು. ಕೂತಿದ್ದ ಸ್ಟೂಲಿನಿಂದ ಎದ್ದೇಬಿಟ್ಟರು. ನಾನು ಮೊದಲೇ ಹೇಳಿದ ಆ ಒಂದು ಸಲ ಇದೇ.

"ಆ ಮೀಸೆಯವನ ಹತ್ರ ಇರುತ್ತೆ. ಇಷ್ಟು ಬೇಗ ಕರಗಿಸಿರಲ್ಲ. ವಾಪಸ್ ಇಸ್ಕೊಳ್ಳೋಣ," ಎಂದರು.

ಇಸಿದುಕೊಳ್ಳುವ ದಾರಿ ಇತ್ತು. ಕೊನೆಗೆ ಮಾರಿದ ಕೆಲವು ಸಾಮಾನುಗಳನ್ನು ವ್ಯಾಪಾರಿ ಸ್ವಲ್ಪ ಹೊತ್ತು ಬೇರೆ ಕಪಾಟಿನಲ್ಲಿ ಇಟ್ಟಿರುತ್ತಾನೆ, ಬೇಕಾದರೆ ಮರಳಿ ಕೊಳ್ಳಬಹುದು. ಆಟ ಮುಚ್ಚಿದರೆ ಕಪಾಟು ಖಾಲಿ. ಇನ್ನೊಂದು ಸಾಮಾನು ಮಾರಿದರೂ ಹಳೆಯದೊಂದು ಕಪಾಟಿನಿಂದ ಬಿದ್ದುಹೋಗುತ್ತದೆ. ಅತ್ತಿಗೆ ಕಪಾಟು ತೆರೆದರು. ಮೊದಲು ಮಾರಿದ್ದಲ್ಲವೇ, ಲಾಟೀನು ಕಟ್ಟಕಡೆಗೆ, ಅಂಚಿನಲ್ಲಿತ್ತು. ಕೊಟ್ಟದ್ದರ ಹತ್ತರಷ್ಟು ಬೆಲೆ ಹಾಕಿದ್ದ.

"ಅದೇ ಲಾಟೀನು, ಮಾರಿ ಒಂದು ಹೊತ್ತಾಗಿಲ್ಲ, ಹತ್ತರಷ್ಟಾ," ಎಂದರು ಅತ್ತಿಗೆ. "ಪೊಲೀಸರು ಬರೋದು ಮಾತ್ರ ನಮ್ಮನೆಗೆ."

ಕೊಳ್ಳೋಣವೆಂದರೆ ಇವರ ಕೈಯಲ್ಲಿ ಒಂದು ನಾಣ್ಯವಿಲ್ಲ, ಎಲ್ಲ ಖಜಾನೆ ಸೇರಿದೆ. ಬೇರೇನಾದರೂ ಮಾರೋಣವೆಂದರೆ ಲಾಟೀನೇ ಬಿದ್ದುಹೋಗುತ್ತದೆ. ಮರ ಕಡಿದು ಕೂಡಿಸುವಷ್ಟರಲ್ಲಿ ಕಪಾಟೇ ಖಾಲಿಯಾಗುತ್ತದೆ. ಅತ್ತಿಗೆ ಸೊಂಟದ ಚೀಲದಿಂದ ನಿಜವಾದ ನೋಟು ತೆಗೆದರು, "ಆ ಹರಳೇ ಕೊಂಡು ನಾಣ್ಯ ಮಾಡ್ಕೊಂಡುಬಿಡೋಣ," ಎಂದರು. ಒಂದು ಮೊಳೆಗೂ ತೂಕ ಹಿಡಿಯುವ ಹೆಂಗಸು ಹೀಗೆಂದದ್ದು. ಅದೂ ಆಗಲಿಲ್ಲ. ಮೊಬೈಲು ಹಳೆಯದು, ದುಡ್ಡು ಕಟ್ಟಲು ಬೇರೇನಾದರೂ ತೆರೆದರೆ ಆಟ ತಾನಾಗಿ ಮುಚ್ಚಿಕೊಳ್ಳುತ್ತದಂತೆ. ಇಷ್ಟರಲ್ಲಿ ಬ್ಯಾಟರಿ ಕೆಂಪಗಾಯಿತು. ನಾನು ವರಾಂಡಕ್ಕೆ ಓಡಿ ವಾಚ್‌ಮನ್ ಕೈಕಾಲು ಹಿಡಿದು ಚಾರ್ಜರ್ ತಂದೆ.

"ಖಜಾನೆ ಯಾರ ಕೈಲಿದೆ?" ಎಂದು ಅತ್ತಿಗೆ ಕೇಳಿದರು.

"ಕ್ಯಾಪ್ಟನ್ ಕೈಲಿ."

"ಮತ್ತೆ ಅವನನ್ನೇ ಕೇಳು."

ಗುಬ್ಬಿ ಅಮ್ಮನ ಮುಖ ನೋಡಿದಳು, ನನ್ನ ಮುಖ ನೋಡಿದಳು. "ನೀವಿಬ್ರೂ ಸ್ವಲ್ಪ ಆಚೆ ಹೋಗ್ತೀರಾ? ನಾನೇ ಮಾತಾಡ್ತೀನಿ."

"ಮೊಬೈಲ್ ಯಾರು ಹಿಡ್ಕೊಳ್ಳೋದು, ನಿನ್ನ ದಿಂಬಾ?" ಎಂದೆ. ಅವಳು ಕಣ್ಣು ಮುಚ್ಚಿಕೊಂಡಳು. ಆಮೇಲೆ ಒತ್ತು ಎಂದು ಅಮ್ಮನಿಗೆ ತಲೆಯಾಡಿಸಿದಳು.

ಕ್ಯಾಪ್ಟನ್ನನ ದನಿ ಇನ್ನೂ ಒಡೆಯುತ್ತಿರುವ ಹುಡುಗನ ದನಿ. ಹಿಂದೆ ಯಾರೋ ಪಾತ್ರೆ ತೊಳೆಯುವ ಸದ್ದು. ತಂಡದ ಇನ್ನೂ ಕೆಲವರು ಕೇಳುತ್ತಿದ್ದರು. ಗುಬ್ಬಿ ನಡೆದದ್ದನ್ನು ಹೇಳಿ, ಲಾಟೀನು ಬಿಡಿಸಿಕೊಳ್ಳಲು ಖಜಾನೆಯಿಂದ ನಾಣ್ಯ ಕೇಳಿದಳು.

"ಎರಡೆರಡು ಸಲ ಕೇಳುತ್ತೆ ಅದು. ತಪ್ಪಿ ಹೇಗೆ ಮಾರ್ತೀಯಾ?" ಎಂದ ಅವನು.

"ನಾನಲ್ಲ. ನಮ್ಮಮ್ಮ ಮಾರಿದ್ರು."

ಯಾರೋ ಕಿಸಕ್ಕೆಂದರು. "ಸಿಕ್ಕಿಬಿದ್ದಾಗ ಎಲ್ರೂ ಅಮ್ಮ ಅಂತಾರೆ, ತಮ್ಮ ಅಂತಾರೆ," ಎಂದ ಕ್ಯಾಪ್ಟನ್. "ಲಾಟೀನು ಆಗ್ಲೇ ಯಾರಿಗೋ ಹೋಗಿರುತ್ತೆ, ಈಗ ನಾಣ್ಯಾನೂ ಬೇಕಾಗಿದೆ. ನಿಮ್ಮಮ್ಮಂದು ಚಿನ್ನದಂಗಡಿ ಅಂತ ನೀನೇ ತಾನೆ ಹೇಳಿದ್ದು? ಚಿನ್ನ ತೂಗೋರಿಗೆ ಯಾವುದು ಬೆಲೆಬಾಳೋದು, ಯಾವುದು ಕಸ ಅಂತ ತಿಳಿಯಲ್ವಾ?"

ಚಿನ್ನದಂಗಡಿ. ಹುಟ್ಟಿದಾಗಿನಿಂದ ಅದೇ ಗುಜರಿಯ ಅನ್ನ ತಿಂದವಳು, ಗೋಣಿಗಳ ಮೇಲೆ ಮಲಗಿ ಬೆಳೆದವಳು. ಬಾಯಿಗೆ ಬಂದದ್ದನ್ನು ಅಲ್ಲೇ ಅಂದುಬಿಡುತ್ತಿದ್ದೆ, ಕಾಲಿಗೆ ಸರಳಿದೆ ಎಂದೂ ನೋಡುತ್ತಿರಲಿಲ್ಲ. ಅತ್ತಿಗೆ ಕೈಯೆತ್ತಿ ನನ್ನನ್ನು ತಡೆದರು. ಮೊಬೈಲನ್ನು ಬಾಯಿಯ ಹತ್ತಿರ ತಂದುಕೊಂಡರು.

"ಹೌದಪ್ಪ, ನಂದು ಚಿನ್ನದಂಗಡಿನೇ," ಎಂದರು. "ನಂಗೆ ಕಣ್ಣು ಸರಿಯಾಗಿ ಕಾಣಲ್ಲ. ಕನ್ನಡಕ ಹಾಕ್ಕೊಳ್ಳದೆ ಒತ್ತಿಬಿಟ್ಟೆ. ನನ್ನ ಮಗಳು ಕಳ್ಳಿ ಅಲ್ಲ."

ತಕ್ಕಡಿಯ ಮುಳ್ಳು ಕೂದಲೆಳೆಯಷ್ಟು ಆಚೀಚೆಯಾದರೂ ತೂಕವನ್ನು ಮತ್ತೆ ಹಾಕುವವರು ಇವರು. ನನ್ನ ಜೀವಮಾನದಲ್ಲಿ ಅವರ ಬಾಯಿಂದ ಕೇಳಿದ ಮೊದಲ ಸುಳ್ಳು ಅದು, ಮಗಳ ಸುಳ್ಳನ್ನು ಉಳಿಸಲು ಹೇಳಿದ್ದು. ಆ ಕಡೆಯವರು ನಂಬಿದರೇನೋ ಅನಿಸಿತು.

"ಇಲ್ಲ," ಎಂದಳು ಗುಬ್ಬಿ. ಮೆಲ್ಲಗೇನಲ್ಲ, ಪಕ್ಕದ ಮಂಚದವರು ತಿರುಗಿ ನೋಡಿದರು. "ಅಮ್ಮ ಸುಳ್ಳು ಹೇಳ್ತಿದಾರೆ. ಆ ಸುಳ್ಳು ಮೊದಲು ಹೇಳಿದ್ದು ನಾನು. ನಮ್ದು ಗುಜರಿ ಅಂಗಡಿ. ನಮ್ಮಮ್ಮ ಹಳೇ ಕಬ್ಬಿಣ ತೂಗ್ತಾರೆ. ತುಕ್ಕು ಹಿಡಿದಿದ್ದು ಕಂಡ್ರೆ ಮಾರೋದೇ ಅವರ ಕೆಲಸ, ಅದಕ್ಕೇ ಮಾರಿದ್ರು. ನಂಗೆ ಎರಡೂ ಕೈ ಮುರಿದಿದೆ. ಇಷ್ಟು ದಿನ ನನ್ನ ಪಾಲಿನ ನಾಣ್ಯ ದುಡಿದಿದ್ದು ಅವರೇ. ನನ್ನನ್ನ ತಂಡದಿಂದ ತೆಗೆದ್ರೂ ತೆಗಿ, ಮೊದಲು ಲಾಟೀನು ಬಿಡಿಸ್ಕೊ."

ಕ್ಯಾಪ್ಟನ್ ಗಂಟಲು ಸರಿಮಾಡಿಕೊಂಡ. "ಅದಕ್ಕೇನಾ ನೀನು ಇತ್ತೀಚೆಗೆ ಯುದ್ಧ ಬಿಟ್ಟು ಬರೀ ಮರ ಕಡೀತಿದ್ದಿದ್ದು?"

ನಾಣ್ಯ ಬಂತು. ಅತ್ತಿಗೆ ಒತ್ತಿದರು. ಲಾಟೀನು ಚೀಲಕ್ಕೆ ಮರಳಿತು. ಈ ಸಲ ಮೀಸೆಯವನು ಒಂದು ಸಲವೂ ಯೋಚಿಸಿ ಎನ್ನಲಿಲ್ಲ. ಆಮೇಲೆ ಕ್ಯಾಪ್ಟನ್ ಹೇಳಿದ, ತಂಡದಲ್ಲಿ ಇರು, ಆದರೆ ಲಾಟೀನು ಇನ್ನು ನಿನ್ನ ಹತ್ತಿರ ಬೇಡ, ನನಗೆ ಕಳಿಸು ಎಂದು. ಗುಬ್ಬಿ ಸರಿ ಎಂದಳು. ಅದನ್ನೂ ಅತ್ತಿಗೆಯೇ ಕಳಿಸಿದರು. ಸಿಸ್ಟರ್ ಬಂದು ಹೊತ್ತಾಯಿತು, ಎಲ್ಲರೂ ಹೊರಡಿ ಎಂದರು.

ಅತ್ತಿಗೆ ಮೊಬೈಲ್ ಆರಿಸಿ ಚೀಲಕ್ಕೆ ಹಾಕಿದರು. ಗುಬ್ಬಿಯ ಹೊದಿಕೆ ಎಳೆದು ಸರಿಮಾಡಿದರು. ಹೊರಡುತ್ತಾರೆಂದುಕೊಂಡೆ, ಹೊರಡಲಿಲ್ಲ.

"ಆ ಚಿನ್ನದಂಗಡೀಲಿ ನನ್ನ ಕೈ ಹೇಗಿತ್ತು?" ಎಂದು ಕೇಳಿದರು. ಕೋಪವಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕಾಗಿತ್ತು ಅವರಿಗೆ.

ಗುಬ್ಬಿ ಗೋಡೆಯ ಕಡೆ ಮುಖ ಮಾಡಿದಳು. "ಬೆಳ್ಳಗಿತ್ತು," ಎಂದಳು. ಎಂದವಳೇ ಅಳತೊಡಗಿದಳು. ಪ್ಲಾಸ್ಟರ್ ಹಾಕಿದ ಕೈಯಲ್ಲಿ ಕಣ್ಣೊರೆಸಿಕೊಳ್ಳಲಾಗದೆ ನೀರು ಕಿವಿಯವರೆಗೆ ಇಳಿಯಿತು.

ಅತ್ತಿಗೆಯ ಕೈ ಅವಳ ಕೆನ್ನೆಯ ಕಡೆ ಹೋಯಿತು, ಅರ್ಧದಲ್ಲೇ ನಿಂತಿತು. ಅಂಗೈಯ ಗೆರೆಗಳಲ್ಲಿ ಕಬ್ಬಿಣದ ಕಪ್ಪು ಕೂತಿತ್ತು, ಅದು ಯಾವ ಸೋಪಿಗೂ ಹೋಗುವಂಥದ್ದಲ್ಲ. ಕೈಯನ್ನು ಹಿಂದಕ್ಕೆ ತೆಗೆದುಕೊಂಡು ನನಗೆ, "ನೀನು ಒರೆಸು," ಎಂದರು. ನನ್ನ ಕೈಯೇನು ಬೆಳ್ಳಗಿದೆಯೇ? ಆದರೂ ಜೇಬಿನಲ್ಲಿ ಕರ್ಚೀಫು ಹುಡುಕಿದೆ.

"ಚಿಕ್ಕಪ್ಪ ಬೇಡ," ಎಂದಳು ಗುಬ್ಬಿ. "ನೀನೇ ಒರೆಸಮ್ಮಾ."